ಹೋದ ಗಾಳಿ ಮರಳಿ ಬಂದ ದಿನ: ಹ್ಯೂಸ್ಟನ್, 30 ಆಗಸ್ಟ್ 2000

2000ನೇ ಇಸವಿಯ ಆಗಸ್ಟ್ 30, ಬುಧವಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಪ್ರದೇಶದಲ್ಲಿ ಅಂದು ನೆಲಮಟ್ಟದ ಓಝೋನ್ 200 ಪಿಪಿಬಿಯ ಹತ್ತಿರಕ್ಕೆ ಏರಿತು. ಅದು ಒಂದು ಗಂಟೆಯ ಸರಾಸರಿ, ಕ್ಷಣದ ಜಿಗಿತವಲ್ಲ. ಪಿಪಿಬಿ ಅಂದರೆ ನೂರು ಕೋಟಿ ಅಣುಗಳಲ್ಲಿ ಒಂದು. ನಮ್ಮಲ್ಲಿ ಬಳಸುವ ಅಳತೆಗೆ ತಂದರೆ ಘನ ಮೀಟರಿಗೆ ಸುಮಾರು 390 ಮೈಕ್ರೊಗ್ರಾಂ ಆಗುತ್ತದೆ. ಭಾರತದ 2009ರ ಮಾನದಂಡದಲ್ಲಿ ಒಂದು ಗಂಟೆಯ ಮಿತಿ 180 ಮೈಕ್ರೊಗ್ರಾಂ. ಅಮೆರಿಕದಲ್ಲಿ ಆಗ ಇದ್ದ ಒಂದು ಗಂಟೆಯ ಮಿತಿ 120 ಪಿಪಿಬಿ.

ಇಂಥ ದಿನಗಳು ಹ್ಯೂಸ್ಟನ್‌ಗೆ ಹೊಸವೇನಲ್ಲ. ಓಝೋನ್ ಹಾವಳಿಯಲ್ಲಿ ಅದು 1999ರಲ್ಲಿ ಲಾಸ್ ಏಂಜಲೀಸನ್ನೇ ಹಿಂದಿಕ್ಕಿತ್ತು. ಆದರೂ ಪಾಠ ಕಲಿಯಲು ಈ ಒಂದು ದಿನವನ್ನೇ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಆ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ‘ಟೆಕ್ಸಾಸ್ ವಾಯು ಗುಣಮಟ್ಟ ಅಧ್ಯಯನ’ ನಡೆಯುತ್ತಿತ್ತು. ಅನಿಲಗಳನ್ನು ಅಳೆಯುವ ಎಲೆಕ್ಟ್ರಾ ವಿಮಾನ, ಮೇಲಿನಿಂದ ಲೇಸರ್ ಬೆಳಕು ಹಾಯಿಸಿ ಓಝೋನ್ ಎಷ್ಟು ಎತ್ತರದವರೆಗೆ ಹರಡಿದೆ ಎಂದು ನೋಡುವ ಲೈಡಾರ್, ನೆಲದ ಮೇಲೆ ಗಾಳಿಯ ವೇಗವನ್ನು ಎತ್ತರಕ್ಕೆ ತಕ್ಕಂತೆ ಅಳೆಯುವ ರಾಡಾರುಗಳು, ಎಲ್ಲವೂ ಸಜ್ಜಾಗಿದ್ದವು. ಕೆಟ್ಟ ದಿನವೊಂದು ಇಷ್ಟು ಉಪಕರಣಗಳ ಎದುರಿಗೇ ಬಂದು ನಿಲ್ಲುವುದು ಅಪರೂಪ.

ಓಝೋನ್ ಯಾವ ಚಿಮಣಿಯಿಂದಲೂ ಹೊರಬರುವುದಿಲ್ಲ. ಚಿಮಣಿಯಿಂದ ಬಂದದ್ದು ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು: ಏನು ಬೆಂದಿತು, ಮತ್ತು ಬೇಯಲು ಅದಕ್ಕೆ ಅಷ್ಟು ಹೊತ್ತು ಒಂದೇ ಕಡೆ ಸಿಕ್ಕಿದ್ದು ಹೇಗೆ? ಕರಾವಳಿಯಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಕಡಲಗಾಳಿ. ಮೊದಲನೆಯದಕ್ಕೆ ಹ್ಯೂಸ್ಟನ್ ಕೊಟ್ಟ ಉತ್ತರ ಮಾತ್ರ ಯಾರ ಕಡತದಲ್ಲೂ ಇರಲಿಲ್ಲ.

ಜಾಗ

ಮೆಕ್ಸಿಕೋ ಕೊಲ್ಲಿಯಿಂದ ಗ್ಯಾಲ್ವೆಸ್ಟನ್ ಕೊಲ್ಲಿಯನ್ನು ಹಾದು ಹ್ಯೂಸ್ಟನ್ ನಗರದ ಬುಡದವರೆಗೆ ಸುಮಾರು 80 ಕಿಲೋಮೀಟರ್ ಉದ್ದದ ಹಡಗು ಕಾಲುವೆಯಿದೆ. ಅದರ ಒಳತುದಿಯ ಎರಡೂ ದಡಗಳಲ್ಲಿ ರಿಫೈನರಿಗಳು, ಎಥಿಲೀನ್ ಘಟಕಗಳು, ಪ್ಲಾಸ್ಟಿಕ್ಕಿನ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಗಳು ಒತ್ತೊತ್ತಾಗಿ ನಿಂತಿವೆ. ಪೂರ್ವಕ್ಕೆ ಗ್ಯಾಲ್ವೆಸ್ಟನ್ ಕೊಲ್ಲಿ: ಹರವು ದೊಡ್ಡದು, ಆದರೆ ಸರಾಸರಿ ಆಳ ಎರಡು ಮೀಟರಿಗೆ ತುಸು ಹೆಚ್ಚು, ಅಷ್ಟೇ. ಅದರಾಚೆ ನಿಜವಾದ ಕಡಲು. ಹೀಗಾಗಿ ಈ ಊರಿಗೆ ಎರಡು ಕಡಲಗಾಳಿ. ಮೊದಲು ಹತ್ತಿರದ ಕೊಲ್ಲಿಯಿಂದ ಸಣ್ಣದೊಂದು, ಹೊತ್ತೇರಿದ ಮೇಲೆ ಮೆಕ್ಸಿಕೋ ಕೊಲ್ಲಿಯಿಂದ ದೊಡ್ಡದು.

ಅಕ್ಷಾಂಶವೂ ಇಲ್ಲಿ ಆಟವಾಡುತ್ತದೆ. ಭೂಮಿ ತಿರುಗುವುದರಿಂದ, ಚಲಿಸುವ ಗಾಳಿಗೆ ಒಂದು ಸುತ್ತುವ ಗುಣವಿರುತ್ತದೆ. ಆ ಸುತ್ತಿನ ಅವಧಿ ಸರಿಸುಮಾರು 12 ಗಂಟೆಯನ್ನು ಅಕ್ಷಾಂಶದ ಸೈನ್ ಬೆಲೆಯಿಂದ ಭಾಗಿಸಿದಷ್ಟು. ಹ್ಯೂಸ್ಟನ್ ಇರುವುದು 29.8 ಡಿಗ್ರಿ ಉತ್ತರದಲ್ಲಿ; ಲೆಕ್ಕ ಹಾಕಿದರೆ 24 ಗಂಟೆ ಬರುತ್ತದೆ. ನೆಲ ಕಾದು ಆರುವ ಅವಧಿಯೂ 24 ಗಂಟೆಯೇ. ಉಯ್ಯಾಲೆಯನ್ನು ಅದರ ಓಲಾಟಕ್ಕೆ ಸರಿಹೊಂದಿಸಿ ನೂಕಿದ ಹಾಗೆ, ಇಲ್ಲಿ ಕಡಲಗಾಳಿಯ ದಿಕ್ಕು ಗಡಿಯಾರದ ಮುಳ್ಳಿನಂತೆ ದಿನಕ್ಕೊಂದು ಸುತ್ತು ಹಾಕುತ್ತದೆ. ಮೇಲಿನ ದೊಡ್ಡ ಗಾಳಿ ಜೋರಾಗಿದ್ದರೆ ಈ ಸುತ್ತು ಕಾಣುವುದೇ ಇಲ್ಲ. ಅದು ಸೊರಗಿದ ದಿನಗಳಲ್ಲಿ, ಅದರಲ್ಲೂ ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಬೀಸುತ್ತಿದ್ದರೆ, ಎರಡೂ ಎದುರಾಬದುರಾಗಿ ನಡುಹಗಲಿಗೆ ಗಾಳಿ ನಿಂತೇ ಹೋಗುತ್ತದೆ.

ಅಂದು ಆದದ್ದೂ ಇದೇ. ಬೆಳಗಿನ ತೆಳುಗಾಳಿ ಕಾರ್ಖಾನೆಗಳ ಹೊಗೆಯನ್ನು ನೆಲದ ಕಡೆಯಿಂದ ಕೊಲ್ಲಿಯ ಕಡೆಗೆ ಒಯ್ದಿತು. ನಡುಹಗಲ ಹೊತ್ತಿಗೆ ಬೀಸು ಸತ್ತಿತು. ಆಮೇಲೆ ಗ್ಯಾಲ್ವೆಸ್ಟನ್ ಕೊಲ್ಲಿಯ ಗಾಳಿ ಎದ್ದು, ಒಯ್ದದ್ದನ್ನೆಲ್ಲ ವಾಪಸು ತಂದು ಅದೇ ಕಾರ್ಖಾನೆಗಳ ಮೇಲೆ ಇಳಿಸಿತು. ಗಾಳಿ ಸೆಕೆಂಡಿಗೆ 2 ಮೀಟರಿನಂತೆ ನಾಲ್ಕು ಗಂಟೆ ಬೀಸಿದರೆ ಹೋಗುವ ದೂರ 29 ಕಿಲೋಮೀಟರ್. ಮರಳಿ ಬರಲು ಮತ್ತೆ ಅಷ್ಟೇ ಹೊತ್ತು ಬೇಕು. ಬೆಳಗಿನ ಹೊಗೆಗೆ ಬೇಯಲು ಇಡೀ ಹಗಲು ಸಿಕ್ಕಿತು, ಸಾಲದ್ದಕ್ಕೆ ಮರಳುವಾಗ ಅದರ ಮೇಲೆ ಹೊಸ ಹೊಗೆಯೂ ಸುರಿಯಿತು.

ನೀರಿನ ಮೇಲೆ ಕಳೆದ ಆ ಹೊತ್ತು ಸುಮ್ಮನೆ ಕಳೆದದ್ದಲ್ಲ. ಹಗಲಿನಲ್ಲಿ ನೆಲಕ್ಕಿಂತ ತಂಪಾಗಿರುವ ನೀರು ತನ್ನ ಮೇಲಿನ ಗಾಳಿಯನ್ನು ಕೆಳಗೇ ಹಿಡಿದಿಡುತ್ತದೆ. ಹೊಗೆ ಮೇಲೇರಿ ತೆಳುವಾಗುವುದಿಲ್ಲ. ಜೊತೆಗೆ ಗಿಡಮರಗಳ ಎಲೆ ಓಝೋನನ್ನು ಚೆನ್ನಾಗಿ ಹೀರುತ್ತದೆ, ನೀರು ಹಾಗೆ ಹೀರುವುದಿಲ್ಲ. ಹಗಲಿನ ಹಸಿರು ನೆಲಕ್ಕೆ ಓಝೋನ್ ಇಳಿಯುವ ವೇಗ ಸೆಕೆಂಡಿಗೆ ಅರ್ಧ ಸೆಂಟಿಮೀಟರಿನ ಆಸುಪಾಸು ಇದ್ದರೆ, ನೀರಿಗೆ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಹುಟ್ಟಿದ್ದೆಲ್ಲ ಉಳಿಯುತ್ತದೆ.

ಏನು ಬೆಂದಿತು

ನೈಟ್ರೋಜನ್ ಡೈಆಕ್ಸೈಡ್‌ನಿಂದ ಶುರು ಮಾಡೋಣ. ನಡುಹಗಲ ಬಿಸಿಲಿಗೆ ಸಿಕ್ಕ ಈ ಅಣು ಎರಡು ನಿಮಿಷದೊಳಗೆ ಒಡೆದು ನೈಟ್ರಿಕ್ ಆಕ್ಸೈಡ್ ಮತ್ತು ಒಂಟಿ ಆಮ್ಲಜನಕ ಪರಮಾಣು ಆಗುತ್ತದೆ. ಆ ಪರಮಾಣು ಗಾಳಿಯ ಆಮ್ಲಜನಕಕ್ಕೆ ಅಂಟಿಕೊಂಡರೆ ಓಝೋನ್. ಆದರೆ ನೈಟ್ರಿಕ್ ಆಕ್ಸೈಡ್ ಪಕ್ಕದಲ್ಲೇ ಇದೆಯಲ್ಲ, ಅದು ಒಂದೇ ನಿಮಿಷದಲ್ಲಿ ಆ ಓಝೋನನ್ನು ತಿಂದು ಮತ್ತೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಕೊಟ್ಟದ್ದನ್ನು ಕಿತ್ತುಕೊಂಡ ಲೆಕ್ಕ. ನಿವ್ವಳ ಲಾಭ ಸೊನ್ನೆ. ಓಝೋನ್ ಉಳಿಯಬೇಕಾದರೆ ನೈಟ್ರಿಕ್ ಆಕ್ಸೈಡನ್ನು ಓಝೋನ್ ಖರ್ಚಿಲ್ಲದೆ ಡೈಆಕ್ಸೈಡ್ ಮಾಡುವ ಬೇರೆ ಯಾರಾದರೂ ಬೇಕು.

ಆ ಕೆಲಸ ಇಂಗಾಲ, ಜಲಜನಕ ಸೇರಿದ ಅನಿಲಗಳಾದ ಹೈಡ್ರೋಕಾರ್ಬನ್‌ಗಳದು. ಕಿಡಿ ಹೊತ್ತಿಸುವುದು, ಸಿಕ್ಕಿದ್ದಕ್ಕೆ ತಕ್ಷಣ ಅಂಟಿಕೊಳ್ಳುವ ಚುರುಕಿನ ತುಣುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್. ಬಿಸಿಲಿನ ಅತಿನೇರಳೆ ಕಿರಣ ಓಝೋನನ್ನು ಒಡೆದಾಗ ಬರುವ ಚುರುಕಿನ ಆಮ್ಲಜನಕ ಪರಮಾಣು ನೀರಾವಿಗೆ ತಾಗಿದರೆ ಎರಡು ಹೈಡ್ರಾಕ್ಸಿಲ್ ಹುಟ್ಟುತ್ತವೆ. ಕರಾವಳಿಯ ಜಿಗುಟು ಗಾಳಿಯಲ್ಲಿ ನೀರಾವಿಗೇನು ಬರ! ಒಣ ಊರಿಗಿಂತ ಇಲ್ಲಿ ಕಿಡಿ ಸುಲಭವಾಗಿ ಹತ್ತುತ್ತದೆ.

ಎಲ್ಲ ಹೈಡ್ರೋಕಾರ್ಬನ್‌ಗಳೂ ಒಂದೇ ವೇಗದಲ್ಲಿ ಉರಿಯುವುದಿಲ್ಲ, ಹ್ಯೂಸ್ಟನ್ನಿನ ಗುಟ್ಟು ಇರುವುದು ಇಲ್ಲೇ. ಘನ ಸೆಂಟಿಮೀಟರಿಗೆ ಒಂದು ಕೋಟಿ ಹೈಡ್ರಾಕ್ಸಿಲ್ ಇರುವ ಬಿಸಿಲ ಹೊತ್ತನ್ನು ಊಹಿಸಿಕೊಳ್ಳಿ. ಅಂಥ ಗಾಳಿಯಲ್ಲಿ ಮೀಥೇನ್‌ನ ಆಯುಷ್ಯ ತಿಂಗಳುಗಟ್ಟಲೆ. ಅಡುಗೆ ಅನಿಲದ ಪ್ರೊಪೇನ್‌ಗೆ ಒಂದು ದಿನ. ಎಥಿಲೀನ್‌ಗೆ ಮೂರೂವರೆ ಗಂಟೆ. ಪ್ರೊಪಿಲೀನ್‌ಗೆ ಒಂದೇ ಗಂಟೆ. ಕೊನೆಯ ಎರಡೂ ಜೋಡಿಬಂಧವಿರುವ ಆಲ್ಕೀನ್‌ಗಳು, ಪ್ಲಾಸ್ಟಿಕ್ ಉದ್ಯಮದ ಕಚ್ಚಾವಸ್ತು.

ಒಂದು ಪ್ರೊಪಿಲೀನ್ ಅಣುವಿನ ಹಿಂದೆ ಹೋಗಿ ನೋಡೋಣ. ಹೈಡ್ರಾಕ್ಸಿಲ್ ಬಂದು ಅದರ ಜೋಡಿಬಂಧಕ್ಕೆ ಕೂರುತ್ತದೆ. ಗಾಳಿಯ ಆಮ್ಲಜನಕ ಸೇರಿ ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ. ಇದು ಒಂದು ನೈಟ್ರಿಕ್ ಆಕ್ಸೈಡನ್ನು ಡೈಆಕ್ಸೈಡ್ ಮಾಡಿ, ತಾನು ಮುರಿದು ಫಾರ್ಮಾಲ್ಡಿಹೈಡ್ ಮತ್ತು ಅಸಿಟಾಲ್ಡಿಹೈಡ್ ಎಂಬ ಎರಡು ತುಂಡಾಗುತ್ತದೆ. ಉಳಿದ ಹೈಡ್ರೊಪೆರಾಕ್ಸಿ ಎಂಬ ತುಣುಕು ಇನ್ನೊಂದು ನೈಟ್ರಿಕ್ ಆಕ್ಸೈಡನ್ನು ಡೈಆಕ್ಸೈಡ್ ಮಾಡಿ, ಮತ್ತೆ ಹೈಡ್ರಾಕ್ಸಿಲ್ ಆಗಿ ಎದ್ದು ಬರುತ್ತದೆ. ಕಿಡಿ ಖರ್ಚಾಗಲೇ ಇಲ್ಲ, ಎರಡು ಓಝೋನ್‌ಗೆ ದಾರಿಯಾಯಿತು. 10 ಪಿಪಿಬಿ ಪ್ರೊಪಿಲೀನ್ ಮೊದಲ ಸುತ್ತಿನಲ್ಲೇ 20 ಪಿಪಿಬಿ ಓಝೋನ್ ಕೊಡಬಲ್ಲದು. ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಫಾರ್ಮಾಲ್ಡಿಹೈಡ್ ಬಿಸಿಲಿಗೆ ಒಡೆದು ಹೊಸ ರ‍್ಯಾಡಿಕಲ್‌ಗಳನ್ನೇ ಹಡೆಯುತ್ತದೆ. ಬೆಂಕಿಗೆ ಬೆಂಕಿಯೇ ಸೌದೆ ತಂದುಕೊಟ್ಟ ಹಾಗೆ.

ಇದಕ್ಕೆ ಮುಖ್ಯ ಕಡಿವಾಣ ಒಂದು: ಹೈಡ್ರಾಕ್ಸಿಲ್ ನೈಟ್ರೋಜನ್ ಡೈಆಕ್ಸೈಡ್ ಜೊತೆ ಸೇರಿ ನೈಟ್ರಿಕ್ ಆಮ್ಲವಾದರೆ ಸರಪಳಿ ತುಂಡಾಗುತ್ತದೆ. ನೈಟ್ರೋಜನ್ ಆಕ್ಸೈಡ್ (ನೈಟ್ರಿಕ್ ಆಕ್ಸೈಡ್, ಡೈಆಕ್ಸೈಡ್ ಎರಡೂ ಸೇರಿ) ವಿಪರೀತವಿದ್ದು ಹೈಡ್ರೋಕಾರ್ಬನ್ ಕಮ್ಮಿಯಿರುವ ಹೊಗೆಯಲ್ಲಿ ಹೀಗೇ ಆಗುತ್ತದೆ. ನಗರದ ನೈಋತ್ಯಕ್ಕಿರುವ ದೊಡ್ಡ ವಿದ್ಯುತ್ ಸ್ಥಾವರದ ಹೊಗೆಯ ಸೆರಗಿನಲ್ಲಿ ವಿಮಾನ ಕಂಡದ್ದು ಇದೇ. ನೈಟ್ರೋಜನ್ ಆಕ್ಸೈಡ್ ಧಾರಾಳ, ಓಝೋನ್ ಮಾತ್ರ ಬಹುದೂರ ಹೋದ ಮೇಲೆ, ನಿಧಾನಕ್ಕೆ. ಹಡಗು ಕಾಲುವೆಯ ಸೆರಗಿನಲ್ಲಿ ಆಲ್ಕೀನ್ ಮತ್ತು ನೈಟ್ರೋಜನ್ ಆಕ್ಸೈಡ್ ಎರಡೂ ಒಂದೇ ಬೇಲಿಯೊಳಗಿಂದ ಹೊರಟಿದ್ದವು. ಅಲ್ಲಿ ಓಝೋನ್ ಗಂಟೆಗೆ 50 ಪಿಪಿಬಿ ಮೀರಿದ ವೇಗದಲ್ಲಿ ಹುಟ್ಟುತ್ತಿತ್ತು. ವಾಹನಗಳ ಹೊಗೆಯಿಂದ ಕೆಡುವ ಮಾಮೂಲಿ ಊರುಗಳಲ್ಲಿ ಈ ವೇಗ ಕಾಣುವುದಿಲ್ಲ.

ಪಟ್ಟಿ ತಪ್ಪಿದ್ದು ಗೊತ್ತಾದ ಬಗೆ

ಕಾರ್ಖಾನೆಗಳು ತಾವು ಎಷ್ಟು ಎಥಿಲೀನ್ ಗಾಳಿಗೆ ಬಿಡುತ್ತೇವೆಂದು ಪ್ರತಿವರ್ಷ ಲೆಕ್ಕ ಒಪ್ಪಿಸುತ್ತವೆ. ಈ ಲೆಕ್ಕಗಳ ಪಟ್ಟಿಯನ್ನು ಹಾಕಿ ಕಂಪ್ಯೂಟರ್ ಮಾದರಿ ಓಡಿಸಿದರೆ 200 ಪಿಪಿಬಿ ಬರುತ್ತಲೇ ಇರಲಿಲ್ಲ. ಗಾಳಿಯನ್ನು ಸರಿಪಡಿಸಿ ನೋಡಿದರೂ ಅಷ್ಟೇ. ತಪ್ಪು ಎಲ್ಲಿದೆ ಎಂದು ಹಿಡಿದ ರೀತಿ ಸರಳವಾಗಿತ್ತು, ಹೇಳಲೇಬೇಕಾದ್ದು.

ಹೊಗೆಯ ಸೆರಗನ್ನು ಅಡ್ಡಲಾಗಿ ಸೀಳಿಕೊಂಡು ವಿಮಾನ ಹಾರಿದಾಗ ಸಿಗುವುದು ಸಾಂದ್ರತೆ. ಗಂಟೆಗೆ ಎಷ್ಟು ಕಿಲೋ ಹೊರಬಿತ್ತು ಎಂಬುದಲ್ಲ. ಸಾಂದ್ರತೆ ಗಾಳಿಯ ವೇಗ, ಪದರದ ಎತ್ತರಗಳಿಗೆ ತಕ್ಕಂತೆ ಬದಲಾಗುತ್ತದೆ. ಆದರೆ ಒಂದೇ ಕಡೆಯಿಂದ ಹೊರಟ ಎರಡು ಅನಿಲಗಳ ಅನುಪಾತ ಈ ತೆಳುವಾಗುವಿಕೆಯಿಂದ ಕೆಡುವುದಿಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ತೆಳುವಾಗುತ್ತವೆ. ನೈಟ್ರೋಜನ್ ಆಕ್ಸೈಡಿನ ಲೆಕ್ಕ ನಂಬಬಹುದಾದ್ದು, ಏಕೆಂದರೆ ದೊಡ್ಡ ಚಿಮಣಿಗಳೊಳಗೆ ಅದನ್ನು ಸದಾ ಅಳೆಯುವ ಉಪಕರಣಗಳಿವೆ. ಎಥಿಲೀನ್‌ಗೆ ನೈಟ್ರೋಜನ್ ಆಕ್ಸೈಡಿನ ಅನುಪಾತವನ್ನು ಗಾಳಿಯಲ್ಲೂ ಪಟ್ಟಿಯಲ್ಲೂ ನೋಡಿ, ವ್ಯತ್ಯಾಸ ಬಂದರೆ ಅದು ಎಥಿಲೀನಿನದೇ. ವ್ಯತ್ಯಾಸ ಹತ್ತರಿಂದ ನೂರು ಪಟ್ಟು ಬಂತು. ದೋಷ ಹವಾಮಾನದಲ್ಲಿರಲಿಲ್ಲ, ಕಡತದಲ್ಲಿತ್ತು. ಮಾದರಿಯಲ್ಲಿ ಆಲ್ಕೀನ್ ಏರಿಸಿದಾಗ ಓಝೋನ್ ಶಿಖರಗಳೂ ಏರಿದವು.

ಸೋರಿದ್ದು ಎಲ್ಲಿಂದ? ಯಾರೋ ಕದ್ದು ಬಿಟ್ಟದ್ದು ಎಂದುಕೊಂಡರೆ ಅರ್ಧ ಸತ್ಯ ಮಾತ್ರ. ಬಹುಪಾಲು ಕಾಗದದ ಅಂದಾಜುಗಳು ನೆಲದ ವಾಸ್ತವಕ್ಕೆ ಹೊಂದದ್ದು.

ಫ್ಲೇರ್ ಅಂದರೆ ಬೇಡದ ಅನಿಲವನ್ನು ಸುಡುವ ಎತ್ತರದ ದೊಂದಿ. ಅದಕ್ಕೆ ಹೋದದ್ದರಲ್ಲಿ 98 ಅಥವಾ 99 ಶೇಕಡ ಸುಟ್ಟುಹೋಗುತ್ತದೆ ಎಂದು ಪಟ್ಟಿಯಲ್ಲಿ ಬರೆಯುತ್ತಾರೆ. 99 ಇದ್ದದ್ದು 90ಕ್ಕೆ ಇಳಿದರೆ ಹೊರಬೀಳುವುದು ಹತ್ತು ಪಟ್ಟು. ಇಳಿಯುವುದು ಹೇಗೆ? ಕಪ್ಪು ಹೊಗೆ ಬಾರದಿರಲೆಂದು ಜ್ವಾಲೆಗೆ ಹಬೆ ಬಿಡುತ್ತಾರೆ. ಫ್ಲೇರ್ ಕಟ್ಟುವುದು ತುರ್ತು ಸಂದರ್ಭದ ಭಾರೀ ಹರಿವಿಗೆ. ದಿನನಿತ್ಯ ಹೋಗುವುದು ಅದರ ಅಲ್ಪಭಾಗ. ಹರಿವು ಇಳಿದಾಗ ಹಬೆಯನ್ನೂ ಇಳಿಸದಿದ್ದರೆ ಜ್ವಾಲೆ ತಣ್ಣಗಾಗಿ ಅನಿಲ ಉರಿಯದೆ ಜಾರಿಹೋಗುತ್ತದೆ. ಕಣ್ಣಿಗೆ ಇದು ಕಾಣದು. ಹೊಗೆಯಿಲ್ಲದ ಶುಭ್ರ ಜ್ವಾಲೆಯನ್ನು ಕಂಡು ಆಪರೇಟರ್ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾನೆ. 2010ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಪೂರ್ಣಗಾತ್ರದ ಫ್ಲೇರ್‌ಗಳ ಮೇಲೆ ನಡೆದ ಪರೀಕ್ಷೆ ಇದನ್ನೇ ಖಚಿತಪಡಿಸಿತು: ಹೊಗೆ ಬರುವ ಅಂಚಿನಲ್ಲಿ ನಡೆಸಿದರೆ ಉರಿ ಚೆನ್ನ, ಹಬೆ ಹೆಚ್ಚಿದಷ್ಟೂ ಕೆಡುತ್ತದೆ. 2015ರ ಅಮೆರಿಕದ ರಿಫೈನರಿ ನಿಯಮ, ಹಬೆ ಬೆರೆತ ಮೇಲೂ ಜ್ವಾಲೆಯ ವಲಯದಲ್ಲಿ ಉಷ್ಣಮೌಲ್ಯ ಘನ ಅಡಿಗೆ 270 ಬಿಟಿಯುಗಿಂತ, ಅಂದರೆ ಘನ ಮೀಟರಿಗೆ ಸುಮಾರು 10 ಮೆಗಾಜೂಲ್‌ಗಿಂತ, ಇಳಿಯಬಾರದು ಎಂದು ಕಟ್ಟು ಹಾಕಿತು.

ಕಾರ್ಖಾನೆಯ ಬಿಸಿನೀರನ್ನು ತಣಿಸುವ ಕೂಲಿಂಗ್ ಟವರ್ ಇನ್ನೂ ಮೋಸದ್ದು. ಕಾರ್ಖಾನೆಯೊಳಗಿನ ಶಾಖ ವಿನಿಮಯಕದ ಒಂದು ನಳಿಗೆ ತೂತಾದರೆ ಒತ್ತಡದಲ್ಲಿರುವ ಎಥಿಲೀನ್ ತಂಪುನೀರಿಗೆ ಸೇರುತ್ತದೆ. ಆ ನೀರು ಟವರಿನ ಮೇಲಿಂದ ಹನಿಹನಿಯಾಗಿ ಬೀಳುವಾಗ ಅನಿಲವೆಲ್ಲ ಗಾಳಿಗೆ. ಗಂಟೆಗೆ 10,000 ಘನ ಮೀಟರ್ ನೀರು ಸುತ್ತುವ ಟವರಿನಲ್ಲಿ ತೂಕದ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಎಥಿಲೀನ್ ಇದ್ದರೆ ಗಂಟೆಗೆ 10 ಕಿಲೋ, ದಿನಕ್ಕೆ 240 ಕಿಲೋ ಹೊರಟಿತು. ನೀರಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಉತ್ಪಾದನೆಯ ಮೀಟರಿನಲ್ಲೂ ಕಾಣುವಷ್ಟು ಕೊರತೆಯಿಲ್ಲ. ಇದಕ್ಕೆ ಟೆಕ್ಸಾಸ್‌ನಲ್ಲಿ ‘ಎಲ್ ಪಾಸೋ ವಿಧಾನ’ ಎಂಬ ಪರೀಕ್ಷೆಯಿದೆ. ಟವರಿಗೆ ಹೋಗುವ ನೀರನ್ನು, ಅದು ಗಾಳಿಗೆ ತೆರೆದುಕೊಳ್ಳುವ ಮೊದಲೇ, ಒಂದು ಸಣ್ಣ ಕಂಬದೊಳಗೆ ಹಾಯಿಸಿ ಎದುರಿನಿಂದ ಗಾಳಿ ಊದಿ, ಹೊರಬಂದ ಅನಿಲವನ್ನು ಅಳೆಯುವುದು. ಟವರ್ ಇಳಿದ ಮೇಲಿನ ನೀರಿನ ಸ್ಯಾಂಪಲ್ ತೆಗೆದರೆ ಪ್ರಯೋಜನವಿಲ್ಲ. ಹಕ್ಕಿ ಆಗಲೇ ಹಾರಿರುತ್ತದೆ.

ವಾಲ್ವು, ಫ್ಲ್ಯಾಂಜುಗಳ ಜಿನುಗು ಇದ್ದದ್ದೇ. ಅದರ ಬಗ್ಗೆ ಹೊಸದಾಗಿ ಹೇಳುವಂಥದ್ದಿಲ್ಲ.

ಇದೆಲ್ಲ ತಿಳಿಯುವ ಹೊತ್ತಿಗೆ ರಾಜ್ಯದ ಪರಿಸರ ಇಲಾಖೆ ಒಂದು ಯೋಜನೆ ಬರೆದಾಗಿತ್ತು. 2000ದ ಡಿಸೆಂಬರಿನ ಆ ಯೋಜನೆಯ ಪ್ರಕಾರ ಕಾರ್ಖಾನೆಗಳ ನೈಟ್ರೋಜನ್ ಆಕ್ಸೈಡ್ 90 ಶೇಕಡ ತಗ್ಗಬೇಕು. ಉದ್ಯಮಗಳು ಕೋರ್ಟಿಗೆ ಹೋದವು. ಅಳತೆಗಳ ಬಲದ ಮೇಲೆ 2002ರಲ್ಲಿ ಅದು 80 ಶೇಕಡಕ್ಕೆ ಇಳಿದು, ಬದಲಿಗೆ ಎಥಿಲೀನ್, ಪ್ರೊಪಿಲೀನ್, ಬ್ಯೂಟೀನ್‌ಗಳು, ಬ್ಯೂಟಾಡೈಈನ್ ಎಂಬ ‘ಅತಿ ಚುರುಕಿನ’ ಅನಿಲಗಳಿಗೆ ಪ್ರತ್ಯೇಕ ಕಟ್ಟುಪಾಡು ಬಂತು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ಒಂದು ಕಾರ್ಖಾನೆ ಗಂಟೆಗೆ 1,200 ಪೌಂಡ್, ಅಂದರೆ 544 ಕಿಲೋ ಮೀರುವಂತಿಲ್ಲ. ವರ್ಷದ ಮಿತಿಯ ಜೊತೆ ಗಂಟೆಯ ಮಿತಿಯನ್ನೂ ಹಾಕಿದ್ದೇ ಇದರಲ್ಲಿ ಜಾಣತನ ಎನ್ನಬೇಕು. ವರ್ಷದ ಸರಾಸರಿಯಲ್ಲಿ ಮುಚ್ಚಿಹೋಗುವ ಎರಡು ಗಂಟೆಯ ಅವಘಡ, ಗಾಳಿ ನಿಂತ ದಿನವೇ ಆದರೆ, ಆ ವರ್ಷದ ಶಿಖರವನ್ನು ಬರೆದುಬಿಡುತ್ತದೆ. ಮುಂದಿನ ವರ್ಷಗಳಲ್ಲಿ ಹ್ಯೂಸ್ಟನ್ನಿನ ಶಿಖರಗಳು ಗಣನೀಯವಾಗಿ ತಗ್ಗಿದವು. 2006ರಲ್ಲಿ ಮತ್ತೆ ವಿಮಾನ ಹಾರಿಸಿ ನೋಡಿದಾಗ ಆಲ್ಕೀನ್ ಕಡಿಮೆಯಾಗಿತ್ತು. ಪಟ್ಟಿ ಮಾತ್ರ ಆಗಲೂ ಗಾಳಿಗಿಂತ ಹಿಂದೆಯೇ ಇತ್ತು.

ರಾತ್ರಿ

ಆಗಸ್ಟ್ 30ರ ಓಝೋನ್ ಸುಮಾರು 2 ಕಿಲೋಮೀಟರ್ ಎತ್ತರದವರೆಗೆ ತುಂಬಿದ್ದನ್ನು ಲೈಡಾರ್ ತೋರಿಸಿತು. ಸಂಜೆಯಾದಂತೆ ನೆಲದ ಹತ್ತಿರದ ಓಝೋನ್ ವಾಹನಗಳ ನೈಟ್ರಿಕ್ ಆಕ್ಸೈಡಿಗೆ, ಎಲೆಗಳಿಗೆ ಖರ್ಚಾಗುತ್ತದೆ. ಮಾಪನ ಕೇಂದ್ರದ ಅಂಕಿ ಇಳಿಯುತ್ತದೆ, ಗಂಡಾಂತರ ಕಳೆಯಿತು ಅನ್ನಿಸುತ್ತದೆ. ಆದರೆ ನೆಲ ತಣ್ಣಗಾಗಿ ತಳದ ಗಾಳಿ ಬೇರೆಯಾದ್ದರಿಂದ ಮೇಲಿನದು ಹಾಗೇ ಉಳಿಯಿತು; ರಾತ್ರಿಯ ಗಾಳಿಯಲ್ಲಿ ಸುತ್ತಲಿನ ಹಳ್ಳಿಗಾಡಿನ ಮೇಲೆ ಹರಡಿತು. ಮರುದಿನ ಬಿಸಿಲೇರಿ ಗಾಳಿ ಕಲಕಿದಾಗ ಅದೇ ಕೆಳಗಿಳಿಯಿತು. ಹೊಸ ದಿನದ ಓಝೋನ್ ಸೊನ್ನೆಯಿಂದಲ್ಲ, ಹಿಂದಿನ ದಿನದ ಬಾಕಿಯಿಂದ ಶುರು. ಹೀಗೆ ದಿನದಿಂದ ದಿನಕ್ಕೆ ತಳಮಟ್ಟವೇ ಏರುತ್ತಾ ಹೋಯಿತು. ಸೆಪ್ಟೆಂಬರ್ 4ರಂದು ಹ್ಯೂಸ್ಟನ್ನಿನ ಉಷ್ಣಾಂಶ 109 ಡಿಗ್ರಿ ಫ್ಯಾರನ್‌ಹೀಟ್, ಸುಮಾರು 43 ಸೆಲ್ಸಿಯಸ್ ಮುಟ್ಟಿದ ದಾಖಲೆಯ ಬೇಸಿಗೆಯದು.

ಕರಾವಳಿಯ ರಾತ್ರಿಗೆ ಇನ್ನೊಂದು ಚೋದ್ಯವಿದೆ. ನೈಟ್ರೋಜನ್ ಆಕ್ಸೈಡುಗಳು ರಾತ್ರಿ ನೈಟ್ರೋಜನ್ ಪೆಂಟಾಕ್ಸೈಡ್ ಆಗಿ, ಅದು ಕಡಲುಪ್ಪಿನ ತೇವದ ಕಣಗಳನ್ನು ತಾಗಿದರೆ ನೈಟ್ರಿಲ್ ಕ್ಲೋರೈಡ್ ಎಂಬ ಅನಿಲ ಹುಟ್ಟುತ್ತದೆ. 2006ರಲ್ಲಿ ಹ್ಯೂಸ್ಟನ್ ಬಳಿಯ ಕಡಲಿನಲ್ಲಿ ರೊನಾಲ್ಡ್ ಎಚ್. ಬ್ರೌನ್ ಎಂಬ ಸಂಶೋಧನಾ ಹಡಗಿನಿಂದ ಇದನ್ನು 1 ಪಿಪಿಬಿಗೂ ಮೇಲೆ ಅಳೆದರು. ಬೆಳಗಾದೊಡನೆ ಅದು ಒಡೆದು ಕ್ಲೋರಿನ್ ಪರಮಾಣು ಬಿಡುತ್ತದೆ. ಹೈಡ್ರಾಕ್ಸಿಲ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತಿಗೇ ಹೈಡ್ರೋಕಾರ್ಬನ್‌ಗಳ ಮೇಲೆ ಈ ಕ್ಲೋರಿನ್ ಬಿದ್ದಿರುತ್ತದೆ.

ಮೀಟರನ್ನು ನಂಬುವ ಮೊದಲು

ಓಝೋನ್ ಮಾಪಕ ಕೆಲಸ ಮಾಡುವುದು 254 ನ್ಯಾನೊಮೀಟರ್ ಬೆಳಕಿನಿಂದ. 38 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ 200 ಪಿಪಿಬಿ ಓಝೋನ್ ಇದ್ದರೂ ಬೆಳಕು ಕುಂದುವುದು ಬರೀ 0.2 ಶೇಕಡ. ಇಷ್ಟು ಸೂಕ್ಷ್ಮ ಅಳತೆ ಕೆಡಲು ದೊಡ್ಡ ಕಾರಣ ಬೇಕಿಲ್ಲ. ಗಾಳಿ ಎಳೆಯುವ ಕೊಳವೆ ಟೆಫ್ಲಾನ್ ಆಗಿರಬೇಕು, ಲೋಹ ಓಝೋನನ್ನು ತಿನ್ನುತ್ತದೆ. ಫಿಲ್ಟರ್ ಕೊಳೆಯಾದರೂ ಅಂಕಿ ಇಳಿಯುತ್ತದೆ. ಪೆಟ್ರೋಕೆಮಿಕಲ್ ಘಟಕದ ಪಕ್ಕದಲ್ಲಾದರೆ ಸ್ಟೈರೀನ್‌ನಂಥ ಆರೊಮ್ಯಾಟಿಕ್ (ಬೆಂಜೀನ್ ಉಂಗುರವಿರುವ) ಅನಿಲಗಳೂ ಅದೇ ಬೆಳಕನ್ನು ಹೀರಿ ಇಲ್ಲದ ಓಝೋನ್ ತೋರಿಸಬಲ್ಲವು. ನೈಟ್ರೋಜನ್ ಡೈಆಕ್ಸೈಡ್ ಮಾಪಕದ್ದು ಇನ್ನೊಂದು ಬಗೆಯ ತೊಂದರೆ. ಅದರೊಳಗಿನ ಬಿಸಿ ಮಾಲಿಬ್ಡಿನಮ್ ಲೋಹ ನೈಟ್ರಿಕ್ ಆಮ್ಲವನ್ನೂ ಸಾವಯವ ನೈಟ್ರೇಟುಗಳನ್ನೂ ಡೈಆಕ್ಸೈಡ್ ಎಂದೇ ಎಣಿಸುತ್ತದೆ. ಕಡಲ ಮೇಲೆ ದಿನವಿಡೀ ಬೆಂದು ಮರಳಿದ ಗಾಳಿಯಲ್ಲಿ ಇವೇ ತುಂಬಿರುವುದು. ಹಾಗಾಗಿ ಅಳತೆ ತೀರ ದಾರಿ ತಪ್ಪುವುದು ನಮಗೆ ಬೇಕಾದ ಹೊತ್ತಿನಲ್ಲೇ.

ಮಂಗಳೂರಿಗೆ ಹೊಂದಿಸುವುದಾದರೆ

ಪಣಂಬೂರಿನ ಬಂದರು, ಸುರತ್ಕಲ್ ಪಕ್ಕದ ರಿಫೈನರಿ, ಹಗಲು ಕಡಲಗಾಳಿ, ರಾತ್ರಿ ನೆಲಗಾಳಿ ಎಂದು ಹೋಲಿಕೆ ತಟ್ಟನೆ ಹೊಳೆಯುತ್ತದೆ. ಆದರೆ ಮಂಗಳೂರು 12.9 ಡಿಗ್ರಿಯಲ್ಲಿದೆ. ಅಲ್ಲಿ ಗಾಳಿಯ ಸುತ್ತುವ ಅವಧಿ 54 ಗಂಟೆ, ದಿನದ ತಾಳಕ್ಕೆ ಹೊಂದುವುದೇ ಇಲ್ಲ. ಹ್ಯೂಸ್ಟನ್ನಿನ ಗಡಿಯಾರದ ಸುತ್ತನ್ನು ಇಲ್ಲಿ ಹುಡುಕಬಾರದು. ಇಲ್ಲಿನದು ಹಿಂದೆ ಮುಂದೆ ತೂಗುವ ಗಾಳಿ, ಪೂರ್ವಕ್ಕೆ ಸಹ್ಯಾದ್ರಿಯ ಗೋಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೂ ಮಳೆಯೂ ಬಿಸಿಲನ್ನು ಕಸಿದುಕೊಳ್ಳುತ್ತವೆ, ಒಂದೇ ದಿಕ್ಕಿನ ಬಿರುಸು ಗಾಳಿಯಲ್ಲಿ ಹೋದದ್ದು ಮರಳುವುದಿಲ್ಲ. ನೋಡಬೇಕಾದ ಕಾಲ ಡಿಸೆಂಬರ್‌ನಿಂದ ಮಾರ್ಚ್: ಆಕಾಶ ತಿಳಿ, ರಾತ್ರಿಯ ನೆಲಗಾಳಿ ಊರ ಹೊಗೆಯನ್ನು ಅರಬ್ಬೀ ಕಡಲಿಗೆ ಒಯ್ದಿರುತ್ತದೆ, ಮಧ್ಯಾಹ್ನದ ಕಡಲಗಾಳಿ ಅದನ್ನು ಬೇಯಿಸಿ ತರುತ್ತದೆ.

ಆಗ ಅಳೆಯುವವರು ಪೇಟೆಯ ನಡುವಿನ ಒಂದೇ ಕೇಂದ್ರವನ್ನು ನೆಚ್ಚಿಕೊಂಡರೆ ವಾಹನಗಳ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದ ಜಾಗದಲ್ಲೇ ಕೂತಂತಾಯಿತು, ಅಂಕಿ ಸುಖಾಸುಮ್ಮನೆ ಚೆನ್ನಾಗಿ ಕಾಣುತ್ತದೆ. ಒಂದು ಮಾಪಕ ಕಡಲಂಚಿನಲ್ಲಿ, ಇನ್ನೊಂದು 15-20 ಕಿಲೋಮೀಟರ್ ಒಳನಾಡಿನಲ್ಲಿ, ಎರಡರ ನಡುವೆ ಗಂಟೆಗೊಮ್ಮೆ ಆಲ್ಕೀನ್ ಮತ್ತು ಆರೊಮ್ಯಾಟಿಕ್‌ಗಳನ್ನು ಬಿಡಿಬಿಡಿಯಾಗಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಬೇಕು. ಕಡಲಂಚಿನ ಮಾಪಕದಲ್ಲಿ ಗಾಳಿ ಪಶ್ಚಿಮದಿಂದ ಬೀಸತೊಡಗಿದ ಹತ್ತಿಪ್ಪತ್ತು ನಿಮಿಷದಲ್ಲೇ ಓಝೋನ್ ಜಿಗಿದರೆ, ಅದು ಆಗ ಹುಟ್ಟಿದ್ದಲ್ಲ, ಕಡಲಿನಿಂದ ಮರಳಿದ್ದು.